ಹೆಪಟೈಟಿಸ್ ಸಿ ಅಂದರು, ಈಗ ಯಾವ ಡಾಕ್ಟರ ಹತ್ತಿರ ಹೋಗೋದು?

ಚಿಕ್ಕಪ್ಪನಿಗೆ ಹರ್ನಿಯಾ ಆಪರೇಷನ್ ಆಗಬೇಕಿತ್ತು. ಅದಕ್ಕೆ ಮೊದಲು ಮಾಡುವ ರಕ್ತ ಪರೀಕ್ಷೆಯ ಚೀಟಿಯಲ್ಲಿ ಒಂದು ಸಾಲಿನ ಮುಂದೆ ‘ಎಚ್‌ಸಿವಿ ರಿಯಾಕ್ಟಿವ್’ ಅಂತ ಬಂತು. ಎಚ್‌ಸಿವಿ ಅಂದರೆ ಹೆಪಟೈಟಿಸ್ ಸಿ ವೈರಸ್. ಹೊಸನಗರದ ಕಡೆಯ ನಮ್ಮ ಮನೆಯಲ್ಲಿ ಆ ಪದ ಯಾರಿಗೂ ಗೊತ್ತಿರಲಿಲ್ಲ. ಆದರೂ ಸಂಜೆಯೊಳಗೆ ಸಲಹೆಗಳಿಗೆ ಬರವಿರಲಿಲ್ಲ. ಪಕ್ಕದ ತೋಟದವರು ನಾಟಿ ಔಷಧಿ ಕೊಡುವವರ ಊರು ಹೇಳಿದರು. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, ನಾಳೆಯೇ ಇಲ್ಲಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಅಂದ. ಚಿಕ್ಕಮ್ಮನ ತವರಿನವರು ಮಣಿಪಾಲ ಅಂದರು. ಚಿಕ್ಕಪ್ಪ ಮಾತ್ರ ಜಗಲಿಯ ಮೇಲೆ ಕೂತು, "ನಂಗೆ ಎಂತದೂ ಆಗ್ಲಿಲ್ಲ ಮಾರಾಯ. ಜೀವಮಾನದಲ್ಲಿ ಒಂದು ಹನಿ ಕುಡಿದವನಲ್ಲ, ನನ್ನ ಲಿವರ್‌ಗೆ ಕಾಯಿಲೆ ಹ್ಯಾಗೆ ಬರ್ತದೆ?" ಎನ್ನುತ್ತಿದ್ದರು.

ಮಲೆನಾಡಿನಲ್ಲಿ ನಾವು ಡಾಕ್ಟರನ್ನು ಆರಿಸುವುದು ಕೈಗುಣ ನೋಡಿ. ಇವರ ಕೈಗುಣ ಚೆನ್ನಾಗಿದೆ, ಅವರ ಸೂಜಿ ಹಿಡಿಯುತ್ತದೆ, ಇನ್ನೊಬ್ಬರ ಹತ್ತಿರ ಹೋದ ಮೂರೇ ದಿನಕ್ಕೆ ಜ್ವರ ಬಿಟ್ಟಿತು. ಅದರಲ್ಲಿ ತಪ್ಪಿದೆ ಅಂತ ನಾನು ಹೇಳುವುದಿಲ್ಲ. ಹೆಪಟೈಟಿಸ್ ಸಿ ವಿಷಯದಲ್ಲಿ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಈಗಿನ ಮಾತ್ರೆಗಳು ನೂರಕ್ಕೆ 95 ಮಂದಿಯಲ್ಲಿ ಈ ವೈರಸ್ಸನ್ನು ಪೂರ್ತಿ ತೆಗೆದುಹಾಕುತ್ತವೆ, ಬರೆದುಕೊಟ್ಟವರು ಯಾರೇ ಆಗಿರಲಿ. ಹಾಗಾಗಿ ‘ಅತಿ ದೊಡ್ಡ ಡಾಕ್ಟರು ಯಾರು’ ಎಂದು ಹುಡುಕುತ್ತ ಕೂರುವುದರಲ್ಲಿ ಅರ್ಥವಿಲ್ಲ. ‘ನನ್ನ ಲಿವರ್ ಯಾವ ಸ್ಥಿತಿಯಲ್ಲಿದೆ’ ಎಂದು ತಿಳಿದುಕೊಂಡರೆ ಯಾವ ಡಾಕ್ಟರು ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಆ ಚೀಟಿ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಹೆಪಟೈಟಿಸ್ ಅಂದರೆ ಲಿವರ್‌ನ ಊತ. ಎ, ಬಿ, ಸಿ, ಡಿ, ಇ ಎಂದು ಐದು ವೈರಸ್ಸುಗಳು ಈ ಕೆಲಸ ಮಾಡುತ್ತವೆ. ಎ ಮತ್ತು ಇ ಕೊಳಕು ನೀರು, ಆಹಾರದಿಂದ ಬರುತ್ತವೆ. ನಮ್ಮಲ್ಲಿ ಮಳೆಗಾಲದಲ್ಲಿ ಕಾಣುವ ಕಾಮಾಲೆಯಲ್ಲಿ ಇವುಗಳ ಪಾಲು ದೊಡ್ಡದು. ಸಿ ಹಾಗಲ್ಲ. ಅದು ಹರಡುವುದು ರಕ್ತದಿಂದ ರಕ್ತಕ್ಕೆ. ಒಂದೇ ತಟ್ಟೆಯಲ್ಲಿ ಉಂಡರೆ, ತಬ್ಬಿಕೊಂಡರೆ, ಒಂದೇ ಹಾಸಿಗೆಯಲ್ಲಿ ನಿದ್ದೆ ಮಾಡಿದ ಮಾತ್ರಕ್ಕೆ ಬರುವುದಿಲ್ಲ. ಚಿಕ್ಕಪ್ಪನಿಗೆ ಬೇರೆ ಲೋಟ ಇಟ್ಟಿದ್ದರು ಮನೆಯಲ್ಲಿ. ಅದನ್ನು ತೆಗೆಸಲು ನನಗೆ ಒಂದು ವಾರ ಹಿಡಿಯಿತು.

ಹಾಗಾದರೆ ಕುಡಿಯದ ಮನುಷ್ಯನಿಗೆ ಎಲ್ಲಿಂದ ಬಂತು? ಕುಡಿತಕ್ಕೂ ಈ ವೈರಸ್ ಹತ್ತುವುದಕ್ಕೂ ಸಂಬಂಧವಿಲ್ಲ. ಸೋಂಕು ಇದ್ದವರು ಕುಡಿದರೆ ಲಿವರ್ ಬೇಗ ಕೆಡುತ್ತದೆ, ಅಷ್ಟೆ. ಚಿಕ್ಕಪ್ಪ 1994ರಲ್ಲಿ ಅಡಿಕೆ ಮರದಿಂದ ಬಿದ್ದು ಎರಡು ಬಾಟಲಿ ರಕ್ತ ಹಾಕಿಸಿಕೊಂಡಿದ್ದರು. ಈ ವೈರಸ್ಸನ್ನು ವಿಜ್ಞಾನಿಗಳು ಗುರುತಿಸಿದ್ದೇ 1989ರಲ್ಲಿ. ದಾನ ಬಂದ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯವಾಗಿದ್ದು 2001ರಲ್ಲಿ. ಅದಕ್ಕೂ ಮೊದಲು ರಕ್ತ ಪಡೆದವರು ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಸರಿಯಾಗಿ ಶುದ್ಧ ಮಾಡದ ಸೂಜಿ, ಡಯಾಲಿಸಿಸ್, ಹಚ್ಚೆಯ ಸೂಜಿ, ಒಬ್ಬರು ಬಳಸಿದ ಬ್ಲೇಡು ಇನ್ನೊಬ್ಬರ ಗಲ್ಲಕ್ಕೆ, ಇವೂ ದಾರಿಗಳೇ. ಈಜಿಪ್ಟ್‌ನಲ್ಲಿ 1950ರಿಂದ 80ರ ದಶಕದವರೆಗೆ ಬೇರೊಂದು ಕಾಯಿಲೆ ಓಡಿಸಲು ಹಳ್ಳಿಹಳ್ಳಿಗೆ ಹೋಗಿ ಇಂಜೆಕ್ಷನ್ ಕೊಟ್ಟರು. ಸೂಜಿ, ಸಿರಿಂಜುಗಳನ್ನು ಮತ್ತೆ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಸಿ ಇಡೀ ದೇಶಕ್ಕೆ ಹಬ್ಬಿತು. ‘ಮಾತ್ರೆ ಬೇಡ ಡಾಕ್ಟ್ರೇ, ಒಂದು ಸೂಜಿ ಹಾಕಿಬಿಡಿ’ ಎನ್ನುವ ನಮ್ಮೂರ ಅಭ್ಯಾಸ ನೆನಪಾದಾಗ ನನಗೆ ಈ ಕಥೆಯೂ ನೆನಪಾಗುತ್ತದೆ.

ಈಗ ಚೀಟಿಗೆ ಬರೋಣ. ‘ರಿಯಾಕ್ಟಿವ್’ ಅಂದರೆ ದೇಹದಲ್ಲಿ ಈ ವೈರಸ್ ವಿರುದ್ಧದ ಆ್ಯಂಟಿಬಾಡಿ ಇದೆ ಎಂದಷ್ಟೇ ಅರ್ಥ. ವೈರಸ್ ಯಾವತ್ತೋ ಬಂದು ಹೋಗಿರಬಹುದು, ಇನ್ನೂ ಇರಬಹುದು. ಕಳ್ಳ ಬಂದ ಹೆಜ್ಜೆ ಗುರುತು ಅಂಗಳದಲ್ಲಿದೆ, ಕಳ್ಳ ಒಳಗಿದ್ದಾನೋ ಇಲ್ಲವೋ ನೋಡಬೇಕು, ಅಲ್ವಾ? ಸೋಂಕು ತಗುಲಿದ ನೂರರಲ್ಲಿ ಸುಮಾರು 30 ಜನರಿಗೆ ಆರು ತಿಂಗಳೊಳಗೆ ಔಷಧಿ ಇಲ್ಲದೆಯೇ ಹೋಗಿಬಿಡುತ್ತದೆ. ಉಳಿದ 70 ಜನರಲ್ಲಿ ಅದು ತಳವೂರುತ್ತದೆ. ಒಳಗಿದೆಯೋ ಇಲ್ಲವೋ ಅಂತ ಹೇಳುವುದು ಎಚ್‌ಸಿವಿ ಆರ್‌ಎನ್‌ಎ ಪರೀಕ್ಷೆ. ವೈರಲ್ ಲೋಡ್ ಅಂತಲೂ ಕರೆಯುತ್ತಾರೆ. ಇದಾಗದೆ ಯಾರಾದರೂ ಮಾತ್ರೆ ಶುರು ಮಾಡಿ ಅಂದರೆ, ಅಥವಾ ಜೀವಕ್ಕೇ ಸಂಚಕಾರ ಎಂದು ಹೆದರಿಸಿದರೆ, ಬೇರೆ ಡಾಕ್ಟರನ್ನು ನೋಡಿ.

ಇನ್ನೊಂದು ಮಾತು. ವೈರಲ್ ಲೋಡ್ ರಿಪೋರ್ಟಿನಲ್ಲಿ ಲಕ್ಷಗಟ್ಟಲೆ ಸಂಖ್ಯೆ ಇರುತ್ತದೆ. ಅದನ್ನು ನೋಡಿ ಎದೆ ಒಡೆದುಕೊಳ್ಳಬೇಡಿ. ಹತ್ತು ಸಾವಿರ ಇದ್ದವರ ಲಿವರ್ ಕೆಟ್ಟಿರಬಹುದು, ನಲವತ್ತು ಲಕ್ಷ ಇದ್ದವರ ಲಿವರ್ ಗಟ್ಟಿಮುಟ್ಟಾಗಿರಬಹುದು. ಆ ಸಂಖ್ಯೆಗೂ ಲಿವರ್ ಹಾಳಾಗಿರುವುದಕ್ಕೂ ತಾಳೆ ಇಲ್ಲ.

ಲಿವರ್ ಮೆತ್ತಗಿದೆಯೋ, ಗಂಟಾಗಿದೆಯೋ

ಎಲ್ಲ ನಿಂತಿರುವುದು ಇಲ್ಲೇ. ವೈರಸ್ ಹತ್ತಾರು ವರ್ಷ ಲಿವರ್‌ನಲ್ಲಿ ಕೂತು ನಿಧಾನಕ್ಕೆ ಗಾಯ ಮಾಡುತ್ತದೆ. ಗಾಯ ಮಾಗಿದ ಕಡೆ ನಾರು ಬೆಳೆಯುತ್ತದೆ. ನಾರು ಜಾಸ್ತಿಯಾಗಿ ಇಡೀ ಲಿವರ್ ಗಂಟುಗಂಟಾದರೆ ಅದೇ ಸಿರೋಸಿಸ್. ತಳವೂರಿದ ಸೋಂಕಿನವರಲ್ಲಿ ನೂರಕ್ಕೆ 15ರಿಂದ 30 ಮಂದಿ ಇಪ್ಪತ್ತು ವರ್ಷದೊಳಗೆ ಈ ಹಂತ ಮುಟ್ಟುತ್ತಾರೆ. ಇಷ್ಟೂ ಕಾಲ ಹೆಚ್ಚಿನವರಿಗೆ ನೋವಿಲ್ಲ, ಕಾಮಾಲೆಯಿಲ್ಲ, ಊಟ ಬೇಡವೆನಿಸುವುದೂ ಇಲ್ಲ. ಸ್ವಲ್ಪ ಸುಸ್ತು. ತೋಟದ ಕೆಲಸ ಮಾಡುವವರು ಸುಸ್ತಿಗೆ ಡಾಕ್ಟರ ಹತ್ತಿರ ಹೋಗುತ್ತಾರಾ?

ಇದನ್ನು ತಿಳಿಯಲು ಹೊಟ್ಟೆಗೆ ಸೂಜಿ ಹಾಕಿ ಚೂರು ತೆಗೆಯುವ ಬಯಾಪ್ಸಿ ಈಗ ಬಹುತೇಕರಿಗೆ ಬೇಡ. ಫೈಬ್ರೋಸ್ಕ್ಯಾನ್ ಅನ್ನುವ ಯಂತ್ರ ಪಕ್ಕೆಯ ಮೇಲಿಟ್ಟು ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುತ್ತದೆ. 12.5 ಕಿಲೋಪ್ಯಾಸ್ಕಲ್ ದಾಟಿದರೆ ಸಿರೋಸಿಸ್ ಅನುಮಾನ. ಆ ಯಂತ್ರವೂ ಇಲ್ಲದ ಊರಿನಲ್ಲಿ ಸಾದಾ ರಕ್ತ ಪರೀಕ್ಷೆಯೇ ಸಾಕಷ್ಟು ಹೇಳುತ್ತದೆ. ಫಿಬ್-4 ಎಂಬ ಲೆಕ್ಕವಿದೆ. ಇದರಲ್ಲಿ ಬರುವ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ರಕ್ತ ಪರೀಕ್ಷೆಯ ಚೀಟಿಯಲ್ಲಿರುವ ಲಿವರ್ ಕಿಣ್ವಗಳ ಅಂಕಿ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಬಂದದ್ದನ್ನು ಪ್ಲೇಟ್‌ಲೆಟ್ (ಸಾವಿರದ ಲೆಕ್ಕದಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಿ. 1.45ಕ್ಕಿಂತ ಕಡಿಮೆ ಬಂದರೆ ಲಿವರ್ ಹೆಚ್ಚು ಕೆಟ್ಟಿರುವ ಸಂಭವ ಕಡಿಮೆ. 3.25 ದಾಟಿದರೆ ಎಚ್ಚರ. ನಡುವೆ ಬಂದರೆ ಫೈಬ್ರೋಸ್ಕ್ಯಾನ್ ಮಾಡಿಸಬೇಕು.

ಚಿಕ್ಕಪ್ಪನ ವಯಸ್ಸು 58. ಎಸ್‌ಜಿಒಟಿ 48, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.6 ಲಕ್ಷ, ಅಂದರೆ 260. ಮೇಲೆ 58 ಗುಣಿಸು 48, ಅಂದರೆ 2784. ಕೆಳಗೆ 260 ಗುಣಿಸು 8, ಅಂದರೆ 2080. ಭಾಗಿಸಿದರೆ 1.34. ಬಚಾವು. ಅದೇ ವಯಸ್ಸಿನ ಇನ್ನೊಬ್ಬರಿಗೆ ಎಸ್‌ಜಿಒಟಿ 90, ಎಸ್‌ಜಿಪಿಟಿ 81, ಪ್ಲೇಟ್‌ಲೆಟ್ 1.1 ಲಕ್ಷ ಅಂದುಕೊಳ್ಳಿ. 5220ನ್ನು 990ರಿಂದ ಭಾಗಿಸಿದರೆ 5.27. ಇಬ್ಬರಿಗೂ ಒಂದೇ ವೈರಸ್, ಚೀಟಿಯಲ್ಲಿ ಒಂದೇ ‘ರಿಯಾಕ್ಟಿವ್’. ಆದರೆ ಇಬ್ಬರೂ ಹೋಗಬೇಕಾದ ಡಾಕ್ಟರು ಬೇರೆ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ನಮಗೆ ಥಟ್ಟನೆ ಡೆಂಗಿ ನೆನಪಾಗುತ್ತದೆ. ಜ್ವರವಿಲ್ಲದೆ ತಿಂಗಳುಗಟ್ಟಲೆ ಕಡಿಮೆ ಇದ್ದರೆ ಲಿವರ್ ಕಡೆಗೂ ನೋಡಬೇಕು.

ಫಿಜಿಶಿಯನ್ ಸಾಕೇ?

ಮೊದಲನೆಯವರಂಥವರಿಗೆ, ಅಂದರೆ ಸಿರೋಸಿಸ್ ಇಲ್ಲದ, ಹಿಂದೆ ಇದಕ್ಕೆ ಚಿಕಿತ್ಸೆ ಪಡೆಯದ, ಬೇರೆ ದೊಡ್ಡ ತೊಡಕಿಲ್ಲದ ಹೆಚ್ಚಿನ ರೋಗಿಗಳಿಗೆ, ಎಂ.ಡಿ. ಮೆಡಿಸಿನ್ ಓದಿದ ಫಿಜಿಶಿಯನ್ ಸಾಕು. ಇದು ನನ್ನ ಉಡಾಫೆಯ ಮಾತಲ್ಲ. ಪಂಜಾಬ್‌ನಲ್ಲಿ ಈ ಕಾಯಿಲೆ ಬಹಳ. ಅಲ್ಲಿನ ಸರ್ಕಾರ 2016ರಲ್ಲಿ ಉಚಿತ ಚಿಕಿತ್ಸೆ ಶುರು ಮಾಡಿದಾಗ ಲಿವರ್ ತಜ್ಞರಿಗೆ ಕಾಯುತ್ತ ಕೂರಲಿಲ್ಲ. ಜಿಲ್ಲಾ ಆಸ್ಪತ್ರೆಗಳ ಫಿಜಿಶಿಯನ್‌ಗಳಿಗೆ ಚಂಡೀಗಢದ ಪಿಜಿಐ ಎಂಬ ದೊಡ್ಡ ಸರ್ಕಾರಿ ಆಸ್ಪತ್ರೆಯ ತಜ್ಞರಿಂದ ತರಬೇತಿ ಕೊಡಿಸಿ, ಅವರಿಂದಲೇ ಹತ್ತಾರು ಸಾವಿರ ಜನರಿಗೆ ಮಾತ್ರೆ ಕೊಡಿಸಿತು. ಫಲಿತಾಂಶ ನೂರಕ್ಕೆ 90ರ ಮೇಲೆ. ಅಮೆರಿಕದ ವಾಷಿಂಗ್ಟನ್‌ನಲ್ಲಿ 600 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಕಂಡಿತು. ತಜ್ಞರು, ಸಾಮಾನ್ಯ ವೈದ್ಯರು, ತರಬೇತಿ ಪಡೆದ ನರ್ಸ್‌ಗಳು, ಯಾರು ಕೊಟ್ಟರೂ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ.

ಹಿಂದೆ ಹೀಗಿರಲಿಲ್ಲ. ಇಂಟರ್‌ಫೆರಾನ್ ಇಂಜೆಕ್ಷನ್ನು ವಾರಕ್ಕೊಂದರಂತೆ 24ರಿಂದ 48 ವಾರ. ಜ್ವರ, ಖಿನ್ನತೆ, ಕೂದಲು ಉದುರುವುದು. ಇಷ್ಟಾಗಿಯೂ ಎಷ್ಟೋ ಜನರಿಗೆ ವಾಸಿಯಾಗುತ್ತಿರಲಿಲ್ಲ. ಆಗ ತಜ್ಞರೇ ಬೇಕಿತ್ತು. ಹಳೆಯ ಅನುಭವ ಇರುವವರು ಈಗಲೂ ಅದೇ ಹೆದರಿಕೆಯಲ್ಲಿ ಸಲಹೆ ಕೊಡುತ್ತಾರೆ. 2013ರ ಕೊನೆಯಲ್ಲಿ ಸೋಫೋಸ್ಬುವಿರ್ ಬಂದ ಮೇಲೆ ಆಟವೇ ಬದಲಾಯಿತು. ಆಗ ಅಮೆರಿಕದಲ್ಲಿ ಅದರ ಬೆಲೆ ಮಾತ್ರೆಗೆ 1,000 ಡಾಲರ್, 12 ವಾರದ 84 ಮಾತ್ರೆಗೆ 84,000 ಡಾಲರ್. ಭಾರತದ ಕಂಪನಿಗಳಿಗೆ ಜನರಿಕ್ ಮಾಡಲು ಪರವಾನಗಿ ಸಿಕ್ಕಿದ್ದು ನಮ್ಮ ಅದೃಷ್ಟ. ಈಗ ನಮ್ಮಲ್ಲಿ ಸಿರೋಸಿಸ್ ಇಲ್ಲದವರಿಗೆ ಸೋಫೋಸ್ಬುವಿರ್ ಜೊತೆ ಡಕ್ಲಾಟಾಸ್ವಿರ್, 12 ವಾರ. ಸಿರೋಸಿಸ್ ಇದ್ದರೆ ಸೋಫೋಸ್ಬುವಿರ್ ಜೊತೆ ವೆಲ್ಪಟಾಸ್ವಿರ್. ಹೊಟ್ಟೆಯಲ್ಲಿ ನೀರು ತುಂಬುವಷ್ಟು ಕೆಟ್ಟಿದ್ದರೆ ಅದಕ್ಕೆ ರಿಬಾವಿರಿನ್ ಸೇರಿಸುತ್ತಾರೆ, ಇಲ್ಲವೇ 24 ವಾರಕ್ಕೆ ಎಳೆಯುತ್ತಾರೆ.

ದುಡ್ಡಿನ ವಿಷಯ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು. ಪರೀಕ್ಷೆ, ಮಾತ್ರೆ ಎರಡೂ ಉಚಿತ. ಜಿಲ್ಲೆಗಳಲ್ಲಿ ಚಿಕಿತ್ಸಾ ಕೇಂದ್ರ, ಕಷ್ಟದ ಕೇಸುಗಳಿಗೆ ರಾಜ್ಯ ಮಟ್ಟದಲ್ಲಿ ಮಾದರಿ ಚಿಕಿತ್ಸಾ ಕೇಂದ್ರ, ಹೀಗೆ ಅದರ ರಚನೆ. ಶಿವಮೊಗ್ಗ ಜಿಲ್ಲೆಯವರು ಮೊದಲು ಹೋಗಿ ಕೇಳಬೇಕಾದ ಜಾಗ ಸರ್ಕಾರಿ ವೈದ್ಯಕೀಯ ಕಾಲೇಜಾದ ಸಿಮ್ಸ್‌ಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯ ಮೆಡಿಸಿನ್ ವಿಭಾಗ. ‘ಲಿವರ್ ಡಾಕ್ಟ್ರು ಇದ್ದಾರಾ’ ಎಂದು ಕೇಳಬೇಡಿ, ಇಲ್ಲ ಎಂದು ಕಳಿಸಿಬಿಟ್ಟಾರು. ‘ಹೆಪಟೈಟಿಸ್ ಸಿ ಉಚಿತ ಚಿಕಿತ್ಸೆಯ ಕಾರ್ಯಕ್ರಮದಡಿ ಯಾರನ್ನು ನೋಡಬೇಕು’ ಎಂದು ಕೇಳಿ. ಕಾಗದದಲ್ಲಿ ಆ ಕಾರ್ಯಕ್ರಮದ ಹೆಸರು ಬರೆದುಕೊಂಡು ಹೋದರೆ ಇನ್ನೂ ಒಳ್ಳೆಯದು. ಖಾಸಗಿಯಲ್ಲಿ ತೋರಿಸಿದರೂ ಸರಿ, ಆದರೆ ಮಾತ್ರೆ ಕೊಳ್ಳುವ ಮೊದಲು ಸರ್ಕಾರಿ ದಾರಿ ಕೇಳಿ ನೋಡಿ. ಅಡಿಕೆ ರೇಟು ಬಿದ್ದ ವರ್ಷ ಸುಮ್ನೆ ಸಾಲ ಮಾಡಿಕೊಳ್ಳುವುದು ಎಂತಕ್ಕೆ?

ಡಾಕ್ಟರು ಕೇಳುವ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ

ಗೋಡೆಯ ಮೇಲಿನ ಡಿಗ್ರಿ ನೋಡಿ ನಮ್ಮಂಥವರಿಗೆ ಜಾಸ್ತಿ ಏನೂ ತಿಳಿಯುವುದಿಲ್ಲ. ಅವರು ನಿಮ್ಮನ್ನು ಏನು ಕೇಳುತ್ತಾರೆ ಅನ್ನುವುದನ್ನು ಗಮನಿಸಿ.

ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸದೆ ಸಿ ಮಾತ್ರೆ ಕೊಡಬಾರದು. ಎರಡೂ ವೈರಸ್ ಇದ್ದವರಲ್ಲಿ ಸಿ ಹೋದೊಡನೆ ಅದುಮಿಟ್ಟಂತಿದ್ದ ಬಿ ಎದ್ದು ಕೂರಬಹುದು. ಕೆಲವರಲ್ಲಿ ಇದು ಪ್ರಾಣಕ್ಕೇ ಬಂದಿದೆ. ಆದ್ದರಿಂದ ಬಿ ಬಗ್ಗೆ ಕೇಳದ ಡಾಕ್ಟರಿಗೆ ನೀವೇ ನೆನಪಿಸಿ. ನೆನಪಿಸಿದರೆ ಸಿಟ್ಟಾಗುವವರಾದರೆ ಅಲ್ಲಿಂದ ಏಳಿ.

ಬೇರೆ ಏನೇನು ಮಾತ್ರೆ ನುಂಗುತ್ತೀರಿ ಎಂದು ಒಳ್ಳೆಯ ಡಾಕ್ಟರು ಬಿಡಿಸಿ ಬಿಡಿಸಿ ಕೇಳುತ್ತಾರೆ. ಎದೆಬಡಿತ ಸರಿಪಡಿಸುವ ಅಮಿಯೋಡರಾನ್ ಜೊತೆ ಸೋಫೋಸ್ಬುವಿರ್ ಸೇರಿದರೆ ಹೃದಯದ ಬಡಿತ ಅಪಾಯವಾಗುವಷ್ಟು ಇಳಿಯಬಹುದು. ಟಿಬಿಯ ರಿಫಾಂಪಿಸಿನ್, ಮೂರ್ಛೆರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ಹೆಪಟೈಟಿಸ್ ಮಾತ್ರೆಯ ಬಲವನ್ನೇ ಕುಗ್ಗಿಸುತ್ತವೆ. ಇನ್ನು ಗ್ಯಾಸ್ ಮಾತ್ರೆ. ಬೆಳಗಾದರೆ ಖಾಲಿ ಹೊಟ್ಟೆಗೆ ಒಂದು ನುಂಗದ ಮನೆ ನಮ್ಮಲ್ಲಿ ಅಪರೂಪ. ಯಾರೂ ಅದನ್ನು ‘ಔಷಧಿ’ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದು ವೆಲ್ಪಟಾಸ್ವಿರ್ ರಕ್ತಕ್ಕೆ ಸೇರುವುದನ್ನು ಕಡಿಮೆ ಮಾಡುತ್ತದೆ. ಸಕ್ಕರೆ ಕಾಯಿಲೆಯವರಿಗೆ ವೈರಸ್ ಹೋಗುತ್ತಿದ್ದಂತೆ ಸಕ್ಕರೆ ಇಳಿಯಬಹುದು, ಆ ಮಾತ್ರೆಯ ಡೋಸು ಬದಲಿಸಬೇಕಾದೀತು. ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯುವುದೇ ವಾಸಿ. ಕಷಾಯದ ಪುಡಿಯನ್ನೂ ಸೇರಿಸಿ. ಗರ್ಭಿಣಿಯರಿಗೆ ಸಾಮಾನ್ಯವಾಗಿ ಹೆರಿಗೆವರೆಗೆ ಈ ಚಿಕಿತ್ಸೆ ಶುರು ಮಾಡುವುದಿಲ್ಲ, ಆದ್ದರಿಂದ ಹೆಣ್ಣುಮಕ್ಕಳಿಗೆ ಆ ಪ್ರಶ್ನೆಯೂ ಬರಬೇಕು.

ನೀವು ಕೇಳಬೇಕಾದ್ದು ಎರಡೇ. ‘ನನಗೆ ಸಿರೋಸಿಸ್ ಇಲ್ಲ ಅಂತ ಹೇಗೆ ಹೇಳುತ್ತೀರಿ?’ ‘ಗುಣವಾಯಿತು ಅಂತ ಯಾವಾಗ ಪರೀಕ್ಷೆ ಮಾಡುತ್ತೀರಿ?’ ಎರಡನೆಯದಕ್ಕೆ ಸರಿಯಾದ ಉತ್ತರ: ಮಾತ್ರೆ ಮುಗಿದು 12 ವಾರವಾದ ಮೇಲೆ ಆರ್‌ಎನ್‌ಎ ಪರೀಕ್ಷೆ. ಇದನ್ನು ಹೇಳದೆ, ತಿಂಗಳುಗಟ್ಟಲೆ ಲಿವರ್ ಟಾನಿಕ್ ಬರೆದುಕೊಡುವವರೂ ಇದ್ದಾರೆ. ಟಾನಿಕ್‌ನಿಂದ ಈ ವೈರಸ್ಸಿನ ಕೂದಲೂ ಕೊಂಕುವುದಿಲ್ಲ.

ಕಾಮಾಲೆ ಔಷಧಿಯ ವಿಷಯ

ನೆಲನೆಲ್ಲಿ ರಸ, ಪಥ್ಯ, ಕೆಲವು ಕಡೆ ತೋಳಿಗೆ ಬರೆ. ಮಲೆನಾಡಿನಲ್ಲಿ ಕಾಮಾಲೆಗೆ ನಾಟಿ ಔಷಧಿ ಪಡೆಯದವರು ಕಡಿಮೆ. ಅದರಿಂದ ವಾಸಿಯಾದವರೂ ಎದುರಿಗೇ ಇದ್ದಾರೆ. ಕಾರಣ ಸರಳ. ನೀರಿನಿಂದ ಬರುವ ಎ ಮತ್ತು ಇ ಕಾಮಾಲೆ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಇಳಿಯುವ ಹೊತ್ತಿಗೆ ಯಾರು ಔಷಧಿ ಕೊಟ್ಟಿರುತ್ತಾರೋ ಅವರಿಗೆ ಹೆಸರು. ತಳವೂರಿದ ಸಿ ತಾನಾಗಿ ಇಳಿಯುವುದು ತೀರಾ ಅಪರೂಪ, ಕಣ್ಣು ಹಳದಿಯಾಗಿಯೂ ತೋರಿಸುವುದಿಲ್ಲ. ಆದ್ದರಿಂದ ‘ಕಡಿಮೆಯಾಯಿತು’ ಎಂದು ನಂಬುವುದು ಬಹಳ ಸುಲಭ. ಚಿಕ್ಕಪ್ಪ ನನಗೆ ಹೇಳದೆ ಮೂರು ವಾರ ನಾಟಿ ಔಷಧಿ ಕುಡಿದಿದ್ದರು. ಆಮೇಲೆ ಮಾಡಿಸಿದ ವೈರಲ್ ಲೋಡ್ ಲಕ್ಷಗಳಲ್ಲೇ ಇತ್ತು. ಬೈಯಲಿಲ್ಲ. ಎರಡು ರಿಪೋರ್ಟನ್ನು ಅಕ್ಕಪಕ್ಕ ಇಟ್ಟೆ, ಅವರೇ ಓದಿಕೊಂಡರು.

ಯಾವಾಗ ಘಾಟಿ ಇಳಿಯಬೇಕು, ಯಾವಾಗ ರೈಲು ಹತ್ತಬೇಕು

ಎರಡನೆಯವರಂಥವರಿಗೆ, ಅಂದರೆ ಫಿಬ್-4 ಮೇಲಿದ್ದು ಸಿರೋಸಿಸ್ ಇದೆ ಎಂದಾದರೆ, ಗ್ಯಾಸ್ಟ್ರೋಎಂಟರಾಲಜಿಸ್ಟ್ ಅಥವಾ ಲಿವರ್‌ನಲ್ಲೇ ಡಿ.ಎಂ. ಮಾಡಿದ ಹೆಪಟಾಲಜಿಸ್ಟ್ ಒಮ್ಮೆಯಾದರೂ ನೋಡಲೇಬೇಕು. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ಎಂಡೋಸ್ಕೋಪಿ ಮಾಡುತ್ತಾರೆ, ಕ್ಯಾನ್ಸರ್ ಗಂಟು ಇದೆಯೇ ಎಂದು ಸ್ಕ್ಯಾನ್ ಮಾಡುತ್ತಾರೆ. ಹಿಂದೆ ಇದೇ ಮಾತ್ರೆ ತಿಂದು ಗುಣವಾಗದವರು, ಬಿ ಅಥವಾ ಎಚ್‌ಐವಿ ಜೊತೆಗಿರುವವರು, ಡಯಾಲಿಸಿಸ್‌ನಲ್ಲಿರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು ಇವರಿಗೂ ಅದೇ ದಾರಿ. ತೀರ್ಥಹಳ್ಳಿ, ಹೊಸನಗರದವರಿಗೆ ಘಾಟಿ ಇಳಿದರೆ ಮಣಿಪಾಲ ಹತ್ತಿರ. ಸಾಗರ, ಶಿವಮೊಗ್ಗದವರಿಗೆ ರೈಲಿದೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಆದರೆ ಯೋಜನೆ ಹೀಗಿರಲಿ: ತಜ್ಞರಿಂದ ಒಮ್ಮೆ ಬರೆಸಿಕೊಂಡು ಬಂದು, ತಿಂಗಳ ಮಾತ್ರೆ, ಪರೀಕ್ಷೆ ಊರ ಹತ್ತಿರದ ಫಿಜಿಶಿಯನ್ ಬಳಿ. ಸುಮಾರು 300 ಕಿಲೋಮೀಟರ್ ತಿಂಗಳಿಗೊಮ್ಮೆ ಓಡಾಡುವವರು ಎರಡನೇ ತಿಂಗಳಿಗೆ ಬೇಸತ್ತು ಬಿಡುತ್ತಾರೆ. ಈ ಚಿಕಿತ್ಸೆಯಲ್ಲಿ ನಡುವೆ ಬಿಡುವುದೇ ದೊಡ್ಡ ಸೋಲು.

ರಕ್ತ ವಾಂತಿ, ಡಾಂಬರಿನಂಥ ಕಪ್ಪು ಮಲ, ಮಾತು ತಡವರಿಸುವುದು, ಹೊಟ್ಟೆ ಒಮ್ಮೆಲೇ ಉಬ್ಬುವುದು ಆದರೆ ಯಾವ ಡಾಕ್ಟರು ಎಂದು ಯೋಚಿಸಬೇಡಿ. ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಚಿಕ್ಕಪ್ಪನನ್ನು ಕೊನೆಗೆ ನೋಡಿದ್ದು ಶಿವಮೊಗ್ಗದ ಒಬ್ಬ ಫಿಜಿಶಿಯನ್. ಮಾತು ಕಡಿಮೆ, ಕೈಗುಣದ ಹೆಸರೂ ಇಲ್ಲ. ಚಿಕ್ಕಮ್ಮ ಕ್ಯಾಲೆಂಡರಿನಲ್ಲಿ 84 ಗೆರೆ ಎಳೆದರು. ಮಾತ್ರೆ ಮುಗಿದು ಮೂರು ತಿಂಗಳಿಗೆ ಮಾಡಿಸಿದ ಆರ್‌ಎನ್‌ಎ ರಿಪೋರ್ಟಿನಲ್ಲಿ ‘ನಾಟ್ ಡಿಟೆಕ್ಟೆಡ್’ ಎಂದಿತ್ತು. ಸಿರೋಸಿಸ್ ಇಲ್ಲದ್ದರಿಂದ ಅವರಿಗೆ ಮುಂದೆ ಸ್ಕ್ಯಾನ್‌ಗಳ ಕಾಟವಿಲ್ಲ. ಸಿರೋಸಿಸ್ ಇದ್ದವರು ವೈರಸ್ ಹೋದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಲೇ ಇರಬೇಕು. ಒಮ್ಮೆ ಗುಣವಾದವರಿಗೆ ಮತ್ತೆ ಸೋಂಕು ತಗುಲಲೂಬಹುದು, ಇದಕ್ಕೆ ಲಸಿಕೆ ಇನ್ನೂ ಬಂದಿಲ್ಲ.

ಹೋದ ವರ್ಷ ಹಲ್ಲು ಕೀಳಿಸಲು ಹೋದಾಗ ರಕ್ತ ಪರೀಕ್ಷೆಯಲ್ಲಿ ಮತ್ತೆ ‘ರಿಯಾಕ್ಟಿವ್’ ಬಂತು. ಬರಲೇಬೇಕು. ವೈರಸ್ ಹೋದರೂ ಆ್ಯಂಟಿಬಾಡಿ ಸಾಮಾನ್ಯವಾಗಿ ಜೀವಮಾನವಿಡೀ ಉಳಿಯುತ್ತದೆ. ಹಲ್ಲಿನ ಡಾಕ್ಟರು ಹುಬ್ಬೇರಿಸಿದರು. ಚಿಕ್ಕಪ್ಪ ಮನೆಗೆ ಫೋನ್ ಮಾಡಿ, ಪಹಣಿ, ಪಟ್ಟೆ ಪುಸ್ತಕದ ಜೊತೆ ಟ್ರಂಕಿನಲ್ಲಿಟ್ಟಿದ್ದ ಲ್ಯಾಮಿನೇಟ್ ಮಾಡಿಸಿದ ಆ ಆರ್‌ಎನ್‌ಎ ರಿಪೋರ್ಟಿನ ಫೋಟೋ ತೆಗೆಸಿ ತರಿಸಿಕೊಂಡರು. ಡಾಕ್ಟರಿಗೆ ತೋರಿಸಿ ಹೇಳಿದರು: "ಕಳ್ಳ ಹೋಗಿ ಮೂರು ವರ್ಷ ಆಯ್ತು ಸಾರ್. ಇದು ಹೆಜ್ಜೆ ಗುರುತು ಮಾತ್ರ."